ಅಜ್ಜಿ ಕೈಯಿಂದ ಪೊರಕೆ ಕಡ್ಡಿ ಕಿತ್ಕೊಂಡಿದ್ದು ನಾವೇ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಲಿ ನೂರು ವರ್ಷ ಬದುಕೋರ ಬಗ್ಗೆ ಒಂದು ಲೇಖನ ಬಂದಿತ್ತು. ಜಪಾನಿನ ಓಕಿನಾವಾ ಕಡೆಯೋರು ಹೊಟ್ಟೆ ನೂರಕ್ಕೆ ಎಂಬತ್ತು ಭಾಗ ತುಂಬ್ತಿದ್ದಂಗೇ ಊಟ ಸಾಕು ಅಂತ ಏಳ್ತಾರೆ, ಗೆಣಸು ಜಾಸ್ತಿ ತಿಂತಾರೆ, ವಯಸ್ಸಾದ್ರೂ ಕೈತೋಟ ಬಿಡಲ್ಲ ಅಂತೆಲ್ಲ ಇತ್ತು, ಚೆನ್ನಾಗೇ ಇತ್ತು. ಅದನ್ನ ಫೋಟೋ ತೆಗೆದು ನಮ್ಮ ಮನೆಯೋರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಹಾಕಿದ ತಕ್ಷಣ ಒಬ್ಬೊಬ್ಬರೂ ನಮ್ಮಜ್ಜಿ ಹಂಗಿತ್ತು ನಮ್ಮ ತಾತ ಹಿಂಗಿತ್ತು ಅಂತ ಶುರು ಹಚ್ಕೊಂಡ್ರು, ಕೊನೆಗೆ ಎಲ್ಲರೂ ಬಂದು ನಿಂತಿದ್ದು ಒಂದೇ ಮಾತಿಗೆ, ‘ಅವರು ರಾಗಿಮುದ್ದೆ ತಿಂದಿದ್ರು, ಅದಕ್ಕೇ ಅಷ್ಟು ಗಟ್ಟಿ’. ನಂಗೆ ಆ ಮಾತು ಅರ್ಧ ಅನ್ನಿಸ್ತು. ಇನ್ನರ್ಧ ಬರೆಯೋಣ ಅಂತ ಕೂತಿದ್ದೀನಿ, ಉದ್ದ ಆಗುತ್ತೆ, ನಿಮ್ಮಲ್ಲಿ ಜಾಗ ಇದ್ದಷ್ಟು ಹಾಕಿ.

ನಮ್ಮೂರು ತಿಪಟೂರು ತಾಲ್ಲೂಕು, ತೆಂಗಿನ ಸೀಮೆ. ಅಜ್ಜಿ ಹುಟ್ಟಿದ್ದು ಪ್ರಭವ ಸಂವತ್ಸರ, ಅಂದ್ರೆ 1927ನೇ ಇಸವಿ. ನಾನು ಹುಟ್ಟಿದ್ದೂ ಪ್ರಭವದಲ್ಲೇ, 1987. ಅರವತ್ತು ಸಂವತ್ಸರ ಒಂದು ಸುತ್ತು ಮುಗಿದು ಮತ್ತೆ ಪ್ರಭವ ಬಂದಾಗ ಈ ಮೊಮ್ಮಗ ಬಂದ ಅಂತ ಅಜ್ಜಿಗೆ ಬಲು ಖುಷಿ, ‘ನಾನೂ ನೀನೂ ಒಂದೇ ವರ್ಸದೋರು ಕಣ್ ಮಗ’ ಅನ್ನೋದು. ತಾತ ಐದು ವರ್ಷಕ್ಕೆ ದೊಡ್ಡದು, ದುಂದುಭಿ ಸಂವತ್ಸರ. ಬರ್ತ್ ಸರ್ಟಿಫಿಕೇಟು ಗಿರ್ಟಿಫಿಕೇಟು ಏನೂ ಇಲ್ಲ, ಪಂಚಾಂಗದ ಲೆಕ್ಕವೇ ಲೆಕ್ಕ. ತಾತ 2017ರಲ್ಲಿ 95ರ ಹತ್ರ ಹತ್ರ ಹೋಯ್ತು, ಅಜ್ಜಿ 2023ರಲ್ಲಿ 96ಕ್ಕೆ. (ನಮ್ಮ ಕಡೆ ಅಜ್ಜಿ ತಾತನ್ನ ಬಂತು ಹೋಯ್ತು ಅಂತಲೇ ಅನ್ನೋದು, ಅದು ಅಗೌರವ ಅಲ್ಲ, ಹತ್ರದೋರು ಅನ್ನೋದಕ್ಕೆ. ದಯವಿಟ್ಟು ಅದನ್ನ ತಿದ್ದಬೇಡಿ.)

ಅಪ್ಪ ಬೆಂಗಳೂರಲ್ಲಿ ಕೆಲಸದಲ್ಲಿದ್ದಿದ್ರಿಂದ ನಾನು ಏಳನೇ ಕ್ಲಾಸ್‌ವರೆಗೂ ಬೆಳೆದಿದ್ದು ಊರಲ್ಲೇ, ಹಂಗಾಗಿ ಅವರ ದಿನ ಹೆಂಗೆ ಹೋಗ್ತಿತ್ತು ಅಂತ ನಾನು ಕಣ್ಣಾರೆ ನೋಡಿದ್ದು. ನಾಲ್ಕು ಗಂಟೆಗೆ ಅಜ್ಜಿ ಏಳೋದು. ಒಲೆ ಬೂದಿ ತೆಗೆದು, ಕೊಟ್ಟಿಗೆ ಸಗಣಿ ಬಾಚಿ ಮಂಕರಿಗೆ ತುಂಬಿ ತಿಪ್ಪೆಗೆ ಹಾಕಿ ಬಂದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಹಸ ಕರೆದು, ಮಜ್ಜಿಗೆ ಕಡೆದು, ಇಷ್ಟೆಲ್ಲ ಆದಮೇಲೆ ನಾವು ಹುಡುಗರು ಕಣ್ಣು ಬಿಡೋದು. ತಾತನ ಕೆಲಸ ಬೇರೆ. ಮನೆಯಿಂದ ತೋಟಕ್ಕೆ ಒಂದೂವರೆ ಕಿಲೋಮೀಟರ್, ಬೆಳಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಹೋಗಿ ಬರೋದು, ಅಲ್ಲಿಗೆ ದಿನಕ್ಕೆ 6 ಕಿಲೋಮೀಟರ್ ಆಯ್ತು. ಬರ್ತಾ ಬರಿಗೈಲಿ ಬಂದಿದ್ದನ್ನ ನಾನು ನೋಡೇ ಇಲ್ಲ, ಬಿದ್ದಿರೋ ಗರಿ ಎಳ್ಕೊಂಡು ಬರೋದು, ಇಲ್ಲಾಂದ್ರೆ ಎರಡು ಕಾಯಿ, ಅದೂ ಇಲ್ಲಾಂದ್ರೆ ಟವಲ್ಲಲ್ಲಿ ಒಂದು ಹಿಡಿ ಸೊಪ್ಪು.

ಆ ಸೊಪ್ಪಿನ ವಿಷ್ಯ ಹೇಳ್ಲೇಬೇಕು. ಬೆರಕೆ ಸೊಪ್ಪು ಅಂತ ನಾವು ಕರೆಯೋದು, ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ, ಹೊನಗೊನೆ, ಯಾವುದನ್ನೂ ಯಾರೂ ಬಿತ್ತಿದ್ದಲ್ಲ, ಮಳೆ ಬಂದ್ರೆ ಹೊಲದ ಬದಿನಲ್ಲಿ ಹುಟ್ಕೊಳೋದು. ಅಜ್ಜಿ ಬಗ್ಗಿ ಬಗ್ಗಿ ಒಂದೊಂದೇ ಕುಡಿ ಚಿವುಟಿ ಮಡಿಲು ತುಂಬ್ಕೊಂಡು ಬರೋದು, ಅದು ತೊಂಬತ್ತು ದಾಟಿದ ಮೇಲೂ ಹಂಗೇ ನಡೀತು. ಅದರ ಮಸ್ಸೊಪ್ಪು ಇಲ್ಲ ಬಸ್ಸಾರು, ಜೊತೆಗೆ ಮುದ್ದೆ, ಕಾಳಿನ ದಿನ ಹುರುಳಿಕಾಳು ಇಲ್ಲ ಅವರೆಕಾಳು, ಮಧ್ಯಾಹ್ನಕ್ಕೆ ಮಜ್ಜಿಗೆ, ಬೇಸಿಗೆಲಿ ಅಂಬಲಿ. ಅನ್ನ ಅಂದ್ರೆ ಹಬ್ಬ, ಹಬ್ಬ ಅಂದ್ರೆ ಅನ್ನ. ರಾಗಿ ಒಳ್ಳೇದೇ, ನಾನು ಇಲ್ಲ ಅನ್ನಲ್ಲ, 100 ಗ್ರಾಂ ರಾಗಿಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಆದ್ರೆ ನೋಡಿ, ಆ ರಾಗಿ ಪ್ಯಾಕೆಟ್‌ನಲ್ಲಿ ಬಂದಿದ್ದಲ್ಲ. ಕೂರಿಗೆ ಹಿಡಿದು ಬಿತ್ತಿ, ಅಕ್ಕಡಿ ಸಾಲಲ್ಲಿ ಅವರೆ ತೊಗರಿ ಹುಚ್ಚೆಳ್ಳು ಹಾಕಿ, ಕಳೆ ಕಿತ್ತು, ಬಗ್ಗಿ ಕೊಯ್ದು, ಕಣದಲ್ಲಿ ಒಕ್ಕಣೆ ಮಾಡಿ ತೂರಿ, ಹಗೇವಿಗೆ ತುಂಬಿ, ಮತ್ತೆ ತೆಗೆದು ಕಲ್ಲಲ್ಲಿ ಬೀಸಿ, ಆಮೇಲೆ ಮುದ್ದೆಕೋಲು ಹಿಡಿದು ತಿರುವಿದಾಗ ಒಂದು ಮುದ್ದೆ. ಈಗ ನಾವು ಆನ್‌ಲೈನ್‌ನಲ್ಲಿ ರಾಗಿಹಿಟ್ಟು ತರಿಸಿ ಮುದ್ದೆ ತಿಂದು ಮತ್ತೆ ಎಂಟು ಗಂಟೆ ಕುರ್ಚಿಲಿ ಕೂತ್ರೆ ತಾತನ ಮೈಕಟ್ಟು ಎಲ್ಲಿಂದ ಬರುತ್ತೆ?

ತಾತನ ಕೊಬ್ಬರಿ ಅಟ್ಟದ ಕಥೆನೂ ಹೇಳ್ತೀನಿ, ತಿಪಟೂರು ಕೊಬ್ಬರಿ ಅಂತ ಎಲ್ಲರೂ ತಿಂದಿರ್ತೀರ, ಆಗೋದು ಹೆಂಗೆ ಅಂತ ಊರ ಕಡೆಯೋರಿಗೆ ಬಿಟ್ರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡಬೇಕು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿಂದ ತಾನೇ ಬಿಡಿಸ್ಕೊಂಡು ಉಂಡೆ ಆಗುತ್ತೆ. ಆಗಿದೆಯೋ ಇಲ್ವೋ ಅಂತ ಗೊತ್ತಾಗೋದು ಕಿವಿ ಹತ್ರ ಇಟ್ಟು ಅಲ್ಲಾಡಿಸಿದಾಗ. ತಾತ 90 ದಾಟಿದ ಮೇಲೂ ಅಟ್ಟದಿಂದ ಇಳಿಸಿದ ಕಾಯಿ ರಾಶಿ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಒಂದೊಂದನ್ನೇ ಅಲ್ಲಾಡಿಸಿ ಕಿವಿಗೊಟ್ಟು ಆ ಕಡೆ ಈ ಕಡೆ ಬೇರೆ ಮಾಡೋದು, ಮಾತಾಡಿದ್ರೆ ಕೈ ಅಡ್ಡ ಹಿಡಿದು ಸುಮ್ನಿರು ಅನ್ನೋದು. ನಮ್ಮ ಮಾತು ಜೋರಾಗಿ ಕೂಗಿದ್ರೂ ಕೇಳ್ತಿರ್ಲಿಲ್ಲ, ಕೊಬ್ಬರಿ ಸದ್ದು ಮಾತ್ರ ಕೇಳೋದು! ದೊಡ್ಡಪ್ಪ ಇವತ್ತಿಗೂ ಹೇಳ್ತಾರೆ, ತಾತ ಆರಿಸಿದ ರಾಶಿಲಿ ಒಂದು ಕೌಟು ಕೊಬ್ಬರಿ ಬಂದಿದ್ದು ನೆನಪಿಲ್ಲ ಅಂತ.

ಹಂಗಂತ ಹಳೇ ಕಾಲವೇ ಚಂದ, ಆಗಿನೋರೆಲ್ಲ ನೂರು ವರ್ಷ ಬಾಳಿದ್ರು ಅಂತ ನಾನು ಹೇಳಕ್ಕೆ ಹೊರಟಿಲ್ಲ, ಆ ಮಾತು ಸುಳ್ಳು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು 32 ವರ್ಷದ ಆಸುಪಾಸು ಇತ್ತು, ಈಗ 70. ಅಜ್ಜಿ ಹೆತ್ತಿದ್ದು ಏಳು, ಉಳಿದಿದ್ದು ನಾಲ್ಕು. ಒಂದು ಮಗು ಸಿಡುಬಿಗೆ ಹೋಯ್ತು, ಎರಡು ವಾಂತಿಭೇದಿಗೆ. ಆ ಮಕ್ಕಳ ಹೆಸರು ಅಜ್ಜಿ ಯಾವತ್ತೂ ಹೇಳ್ತಿರ್ಲಿಲ್ಲ, ಪಿತೃಪಕ್ಷದಲ್ಲಿ ಎಡೆ ಇಡೋವಾಗ ಮಾತ್ರ ಮೂರು ತುತ್ತು ಬೇರೆ ತೆಗೆದಿಡೋದು. ಲಸಿಕೆ ಬಂತು, ಬೋರ್‌ವೆಲ್ ನೀರು ಬಂತು, ಆಸ್ಪತ್ರೆ ಬಂತು, ಅದರಿಂದಲೇ ನಾವೆಲ್ಲ ಉಳಿದಿರೋದು, ಇದನ್ನ ಮರೆತು ಹಳೇದನ್ನ ಹೊಗಳಿದ್ರೆ ಆ ಮೂರು ಮಕ್ಕಳಿಗೆ ಮೋಸ ಮಾಡಿದಂಗೆ. ಅಜ್ಜಿ ಪಟ್ಟ ಕಷ್ಟ ಎಲ್ಲ ಆರೋಗ್ಯಕ್ಕೆ ಒಳ್ಳೇದಾಯ್ತು ಅನ್ನೋದೂ ತಪ್ಪು. ಊರಿಗೆ ಹಿಟ್ಟಿನ ಮಿಲ್ಲು ಬಂದ ದಿನ ರಾಗಿಕಲ್ಲಿಗೆ ಕೈ ಮುಗಿದು ‘ಇನ್ನು ನಿಂಗೂ ರಜ ನಂಗೂ ರಜ’ ಅಂದಿತ್ತಂತೆ ಅಜ್ಜಿ. ರಾಗಿಕಲ್ಲಿನ ಪದ ಕೇಳೋಕೆ ಚಂದ, ಬೀಸೋ ಭುಜಕ್ಕೆ ನೋವು ಇದ್ದೇ ಇರ್ತಿತ್ತು. ಎಲ್ಲರದ್ದೂ ಊಟ ಆದಮೇಲೆ ತಳದಲ್ಲಿ ಉಳಿದಿದ್ದನ್ನ ತಿನ್ನೋದು ಹೆಂಗಸರು, ಅದನ್ನ ಮಿತಾಹಾರ ಅಂತ ಕರೆಯೋಕೆ ನಂಗೆ ಮನಸ್ಸು ಬರಲ್ಲ.

ಮತ್ತೆ ನಾನು ಹೇಳ್ತಿರೋ ಇನ್ನರ್ಧ ಏನು ಅಂದ್ರೆ, ಬೆಳಗ್ಗೆ ಎದ್ರೆ ಅವರಿಗೋಸ್ಕರ ಕಾಯ್ತಿರೋ ಒಂದು ಕೆಲಸ ಇರ್ತಿತ್ತು. ಅವರು ಹೋಗ್ಲಿಲ್ಲ ಅಂದ್ರೆ ಕರು ಹಸ್ಕೊಂಡು ಅರಚೋದು, ಕಾಯಿ ಆರಿಸೋದು ನಿಲ್ಲೋದು, ಮೊಸರು ಹುಳಿ ಹಿಡಿಯೋದು. ನಮ್ಮ ಜಿಲ್ಲೆ ನಮ್ಮ ಸುತ್ತಮುತ್ತಲೇ ನೋಡಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿ 2019ರ ಜನವರಿವರೆಗೂ, 111 ವರ್ಷ ಇದ್ದರು, ನೂರು ದಾಟಿದ ಮೇಲೂ ಸಾಯಂಕಾಲ ಸಾವಿರಾರು ಮಕ್ಕಳ ಪ್ರಾರ್ಥನೆಗೆ ಬಂದು ಕೂರ್ತಿದ್ದಿದ್ದನ್ನ ನಾನೇ ನೋಡಿದ್ದೀನಿ, ಶಿವರಾತ್ರಿ ದನಗಳ ಜಾತ್ರೆಗೆ ತಾತ ನನ್ನ ಕರ್ಕೊಂಡು ಹೋಗಿದ್ದಾಗ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದೋರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ 98ಕ್ಕೆ ತೀರ್ಕೊಂಡ್ರು. ಪಕ್ಕದ ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೇಲಿ ನೀರು ಹೊತ್ತು ಹುಲಿಕಲ್‌ನಿಂದ ಕುದೂರಿನ ಕಡೆ ರಸ್ತೆಗೆ 385 ಆಲದ ಮರ ಬೆಳೆಸಿದ್ರು, 2025ರ ನವೆಂಬರ್‌ನಲ್ಲಿ ಹೋದಾಗ 114 ಅಂತ ಪೇಪರಲ್ಲಿ ಓದಿದ್ವಿ. ಮೈ ಕೆಲಸ ಒಂದೇ ಅಂತಲೂ ಅಲ್ಲ, ನಿಘಂಟಿನ ಜಿ. ವೆಂಕಟಸುಬ್ಬಯ್ಯ ಅವರು 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ 97 ವರ್ಷ, ಆಮೇಲೂ ಹತ್ತು ವರ್ಷ ಬದುಕಿದ್ರು, ಪದಗಳ ಕೆಲಸ ಬಿಡಲಿಲ್ಲ. ಇವರ ಊಟ ಒಂದೇ ಥರ ಇರಲಿಲ್ಲ, ಜಾತಿ ಓದು ಯಾವುದೂ ಒಂದೇ ಅಲ್ಲ. ದಿನಾ ಅವರಿಗೆ ಒಂದು ಕೆಲಸ ಇತ್ತು, ಅದು ಎಲ್ಲರಿಗೂ ಇತ್ತು.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ, ಇದನ್ನ ಬರೆಯೋಕೇ ಇಷ್ಟು ಸುತ್ತು ಹಾಕಿದ್ದು.

2016ರಲ್ಲಿ ತಾತನ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಇಬ್ಬರನ್ನೂ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಆಪರೇಷನ್ ಚೆನ್ನಾಗೇ ಆಯ್ತು. ಆಮೇಲೆ ನಾವೆಲ್ಲ ಸೇರಿ ತೀರ್ಮಾನ ಮಾಡಿದ್ವಿ, ಸಾಕು ಇವರು ಜೀವನ ಪೂರ್ತಿ ದುಡಿದಿದ್ದು, ಇನ್ನು ಇಲ್ಲೇ ನಮ್ಮ ಜೊತೆ ಆರಾಮಾಗಿ ಇರಲಿ ಅಂತ. ಮೂರನೇ ಫ್ಲೋರ್ ಫ್ಲಾಟು. ಸೋಫಾ, ಟಿವಿ, ಮಂಚ, ಎಲ್ಲ ಇತ್ತು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಸುಳ್ಳಿಲ್ಲ. ಅಜ್ಜಿ ಅಡಿಗೆಮನೆಗೆ ಬಂದ್ರೆ ಅಮ್ಮ ‘ನೀವು ಕೂತ್ಕೊಳಿ ಅತ್ತೆ, ನಾನಿಲ್ವಾ’ ಅನ್ನೋರು. ತಾತ ಅಭ್ಯಾಸ ಬಲಕ್ಕೆ ನಾಲ್ಕು ಗಂಟೆಗೆ ಎದ್ದು ಕತ್ತಲೇಲಿ ಹಾಲ್‌ನಲ್ಲಿ ಓಡಾಡ್ತಿತ್ತು, ನಾನು ಲೈಟ್ ಹಾಕಿ ‘ಮಲಗು ತಾತ, ಇನ್ನೂ ಬೆಳಗಾಗಿಲ್ಲ’ ಅನ್ನೋನು. ಎಷ್ಟು ಸಲ ಅಂದಿದ್ದೀನೋ. ಹಗಲೆಲ್ಲ ಬಾಲ್ಕನಿಲಿ ಕೂತು ಎದುರು ಬಿಲ್ಡಿಂಗ್ ಮೇಲಿರೋ ಸಿಂಟೆಕ್ಸ್ ಟ್ಯಾಂಕ್ ಎಣಿಸೋದು, ಹನ್ನೊಂದು ಇತ್ತು. ಮೊದಮೊದಲು ದಿನಾ ದೊಡ್ಡಪ್ಪಂಗೆ ಫೋನ್ ಮಾಡಿಸೋದು, ಅಟ್ಟ ನೋಡಿದ್ಯಾ, ಇಲಿ ಹೊಡೆದಿದೆಯಾ, ಕರಿ ಹಸ ಗಬ್ಬ ಆಯ್ತಾ ಅಂತ. ಆಮೇಲೆ ವಾರಕ್ಕೊಂದ್ಸಲ ಆಯ್ತು. ಆಮೇಲೆ ಕೇಳೋದನ್ನೇ ಬಿಟ್ಬಿಡ್ತು. ಒಂದಿನ ನನ್ನ ಕೇಳ್ತು, ‘ಇಲ್ಲಿ ನಾನೇನ್ ಮಾಡ್ಲಿ ಮಗ?’ ನಾನು ‘ಏನೂ ಮಾಡಬೇಡ ತಾತ, ರೆಸ್ಟ್ ತಗೋ’ ಅಂದೆ.

ಅದೇ ಟೈಮಲ್ಲಿ ಊರಿಂದ ಬಂದೋರ ಗಾಡಿಲಿ ಅಜ್ಜಿ ಹೇಳಿ ಕಳಿಸಿ ನಾಲ್ಕು ತೆಂಗಿನ ಗರಿ ತರಿಸ್ಕೊಂಡಿತ್ತು. ಪೊರಕೆ ಕಡ್ಡಿ ಎರೆಯೋಕೆ. ಒಳಗೆ ಜಾಗ ಸಾಲಲ್ಲ ಅಂತ ಕಾರಿಡಾರಲ್ಲಿ ಕಾಲು ಚಾಚ್ಕೊಂಡು ಕೂತು ಚಿಕ್ಕ ಕತ್ತಿಲಿ ಒಂದೊಂದೇ ಎಲೆ ಎರೆದು ಕಡ್ಡಿ ತೆಗೆದು ಪಕ್ಕಕ್ಕೆ ಇಡ್ತಿತ್ತು, ಅವತ್ತು ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಅಕ್ಕಪಕ್ಕದೋರು ಕಸ ಆಗುತ್ತೆ ಅಂತ ಹೇಳಿದ್ರು. ನಾನು ಹೋಗಿ ‘ಅಂಗಡೀಲಿ ಪೊರಕೆ ಸಿಗುತ್ತೆ ಅಜ್ಜಿ, ನೀನ್ಯಾಕೆ ಕಷ್ಟಪಡ್ತೀಯ’ ಅಂತ ಕೈಲಿದ್ದ ಕತ್ತಿನೂ ಕಡ್ಡಿನೂ ತಗೊಂಡು ಗರಿಯೆಲ್ಲ ಕೆಳಗಡೆ ಕಸದ ಗಾಡಿಗೆ ಹಾಕಿ ಬಂದೆ. ಅಜ್ಜಿ ಏನೂ ಅನ್ನಲಿಲ್ಲ. ಎರಡು ಕೈನೂ ಮಡಿಲಲ್ಲಿ ಇಟ್ಕೊಂಡು ಹಂಗೇ ಕೂತಿತ್ತು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಹತ್ತು ತಿಂಗಳು. ಅಷ್ಟರಲ್ಲಿ ತಾತನ ಕಾಲು ಕಡ್ಡಿ ಥರ ಆಗಿತ್ತು, ಹಗಲು ನಿದ್ದೆ, ರಾತ್ರಿ ಎಚ್ಚರ, ಎದ್ದೇಳೋಕೆ ಕೈ ಕೊಡಬೇಕು. ಊರಲ್ಲಿ ಇದ್ದಾಗ ನೆಲದ ಮೇಲೆ ಕೂತು ಉಂಡು ಯಾವುದೂ ಹಿಡ್ಕೊಳ್ಳದೆ ಎದ್ದು ಕೈ ತೊಳೆಯೋಕೆ ಹೋಗ್ತಿದ್ದ ಮನುಷ್ಯ. ಒಂದು ರಾತ್ರಿ ಬಾತ್‌ರೂಮ್ ಬಾಗಿಲಲ್ಲಿ ಟೈಲ್ಸ್ ಮೇಲೆ ಜಾರಿ ಬಿತ್ತು, ತೊಡೆ ಮೂಳೆ ಮುರೀತು. ಆಪರೇಷನ್ ಆಯ್ತು, ಮತ್ತೆ ಏಳಲಿಲ್ಲ, ಮೂರೇ ವಾರ. ನೋಡಿದ ಡಾಕ್ಟರ್ರು ನಮ್ಮನ್ನ ಬೈಯಲಿಲ್ಲ, ವಯಸ್ಸಾದೋರಲ್ಲಿ ಕೂತಲ್ಲೇ ಕೂತ್ರೆ ಮಾಂಸಖಂಡ ಬೇಗ ಕರಗುತ್ತೆ, ಹೋದಮೇಲೆ ವಾಪಸ್ ಬರೋದು ಕಷ್ಟ, ಬ್ಯಾಲೆನ್ಸ್ ತಪ್ಪುತ್ತೆ ಅಂತ ಮೆಲ್ಲಗೆ ಹೇಳಿದ್ರು. ಆಮೇಲೆ ನಾನೂ ಒಂದಷ್ಟು ಓದ್ಕೊಂಡೆ. ಬ್ರೆಜಿಲ್‌ನಲ್ಲಿ 51ರಿಂದ 80 ವರ್ಷದ 2,000 ಜನರನ್ನ ನೆಲದ ಮೇಲೆ ಕೂತು ಏಳೋಕೆ ಹೇಳಿ, ಕೈ ಮಂಡಿ ಎಷ್ಟು ಊರ್ತಾರೆ ಅಂತ ನೋಡಿ ಮಾರ್ಕ್ಸ್ ಕೊಟ್ಟಿದ್ರಂತೆ, ಏನೂ ಊರದೆ ಏಳೋರು ಮುಂದಿನ ವರ್ಷಗಳಲ್ಲಿ ಸಾಯೋದು ತುಂಬ ಕಡಿಮೆ ಇತ್ತು ಅಂತ 2012ರಲ್ಲಿ ಬರೆದ್ರು. ಕೂತು ಎದ್ರೆ ಆಯಸ್ಸು ಬರುತ್ತೆ ಅಂತ ಅದರ ಅರ್ಥ ಅಲ್ಲ, ಗಟ್ಟಿ ಇರೋರು ಹಂಗೆ ಏಳ್ತಾರೆ ಅಂತಲೂ ಇರಬಹುದು, ಆದ್ರೂ ಓದ್ತಾ ಇದ್ದಾಗ ನಂಗೆ ಕಾಣ್ತಿದ್ದಿದ್ದು ತಾತನೇ, ಕಾಯಿ ರಾಶಿ ಮುಂದಿಂದ ಏಳೋದು.

95ಕ್ಕೆ ಯಾರಾದ್ರೂ ಹೋಗೋದೇ ಅಂತ ನೆಂಟರೆಲ್ಲ ಸಮಾಧಾನ ಹೇಳಿದ್ರು. ಇರಬಹುದು. ಊರಲ್ಲಿದ್ರೂ ಬೀಳ್ತಿತ್ತೇನೋ. ಆದ್ರೆ ಆ ಹತ್ತು ತಿಂಗಳು ಬದುಕಿದ್ದನ್ನ ನೋಡಿದ್ದೀನಲ್ಲ, ಅದಕ್ಕೆ ನಂಗೆ ಸಮಾಧಾನ ಇಲ್ಲ.

ಊರಲ್ಲಿ ತಾತನ ತಿಥಿ ಕೆಲಸ ಆಗಿ ಹನ್ನೊಂದನೇ ದಿನ ಮುಗೀತಿದ್ದಂಗೇ ಅಜ್ಜಿ ನಾನು ಊರು ಬಿಟ್ಟು ಬರಲ್ಲ ಅಂತ ಕೂತ್ಬಿಡ್ತು, ನಮಗೂ ಒತ್ತಾಯ ಮಾಡೋ ಬಾಯಿರಲಿಲ್ಲ. ದೊಡ್ಡಮ್ಮ ಜಾಣೆ, ಅಜ್ಜಿಗೆ ಕೆಲಸ ಬಿಟ್ಕೊಟ್ರು. ಭಾರದ್ದಲ್ಲ. ಕರುಗೆ ಹುಲ್ಲು ಹಾಕೋದು, ಬೇಸಿಗೆಲಿ ಹುಣಸೆಹಣ್ಣಿನ ಬೀಜ ತೆಗೆಯೋದು, ಚಳಿಗಾಲದಲ್ಲಿ ಅವರೆಕಾಯಿ ಬಿಡಿಸೋದು, ಸೊಪ್ಪು ಸೋಸೋದು, ಮತ್ತೆ ಪೊರಕೆ. ಬಂದ ನೆಂಟರು ಯಾರೂ ಪೊರಕೆ ಇಲ್ಲದೆ ವಾಪಸ್ ಹೋಗೋ ಹಂಗಿರ್ಲಿಲ್ಲ. ಬಂದು ಎರಡು ತಿಂಗಳಿಗೆ ನಾನು ಹೋದಾಗ ಕೋಲು ಊರ್ಕೊಂಡು ಹಿತ್ತಲಿಗೆ ನಡೀತಿತ್ತು, ‘ಕುಂತ್ರೆ ಕೈಕಾಲು ಹಿಡ್ಕಳುತ್ತೆ ಕಣ್ ಮಗ, ನಿಮ್ಮ ತಾತಂಗೂ ಅದೇ ಆಗಿದ್ದು’ ಅಂತು. ಬೈದಿದ್ದಲ್ಲ, ಹಂಗೇ ಹೇಳಿದ್ದು. ಆರು ವರ್ಷ ಇತ್ತು ಆಮೇಲೆ. ಕೊರೋನಾ ಟೈಮಲ್ಲೂ ಏನೂ ಆಗಲಿಲ್ಲ. ಕೊನೆ ಇಪ್ಪತ್ತು ದಿನ ಹಾಸಿಗೆ ಹಿಡೀತು, ಅಷ್ಟೇ.

ಕಾಯಿಲೆ ಇರೋರನ್ನ, ಸುಸ್ತಾದೋರನ್ನ ದುಡಿಸಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಓದ್ಕೋಬೇಡಿ. ಹೊಟ್ಟೆಪಾಡಿಗೆ ಎಂಬತ್ತರಲ್ಲೂ ಕೂಲಿಗೆ ಹೋಗೋ ಹಿರಿಯರು ನಮ್ಮೂರಲ್ಲೇ ಇದ್ದಾರೆ, ಅವರಿಗೆ ಬೇಕಾಗಿರೋದು ಪೆನ್ಷನ್ನು, ರೆಸ್ಟು. ನಾನು ಹೇಳ್ತಿರೋದು ನನ್ನ ಥರದ ಮನೆಗಳಿಗೆ, ಊರಿಂದ ಅಪ್ಪ ಅಮ್ಮನ್ನ ಕರ್ಕೊಂಡು ಬಂದು ಫ್ಲಾಟಲ್ಲಿ ಕೂರ್ಸಿರೋರಿಗೆ. ಅವರು ಏನಾದ್ರೂ ಮಾಡೋಕೆ ಬಂದಾಗ ‘ನೀವು ಬಿಡಿ’ ಅನ್ನೋ ಮುಂಚೆ ಒಂದು ನಿಮಿಷ ತಡೀರಿ. ನಿಧಾನ ಆಗುತ್ತೆ, ಕಸ ಬೀಳುತ್ತೆ, ಸೊಪ್ಪು ಸೋಸೋಕೆ ಒಂದು ಗಂಟೆ ಹಿಡಿಯುತ್ತೆ. ಹಿಡೀಲಿ.

ನಿಮ್ಮ ಪೇಪರಿಗೂ ಒಂದು ಕೋರಿಕೆ. ಓಕಿನಾವಾ ಬಗ್ಗೆ ಬರೀರಿ, ಬೇಡ ಅನ್ನಲ್ಲ, ಜೊತೆಗೆ ವಾರಕ್ಕೊಂದ್ಸಲ ನಮ್ಮ ತಾಲ್ಲೂಕುಗಳಲ್ಲಿ ತೊಂಬತ್ತು ದಾಟಿದ ಒಬ್ಬರ ಹತ್ರ ಹೋಗಿ ಅವರ ಒಂದು ದಿನ ಬೆಳಗಿಂದ ರಾತ್ರಿವರೆಗೂ ಏನೇನು ಮಾಡ್ತಾರೆ ಅಂತ ಹಂಗಂಗೇ ಬರೆದು ಹಾಕಿ. ನಿಮ್ಮ ದೀರ್ಘಾಯುಷ್ಯದ ಗುಟ್ಟೇನು ಅಂತ ಮಾತ್ರ ಕೇಳಬೇಡಿ, ಅವರಿಗೆ ಅದು ಗೊತ್ತಿರಲ್ಲ, ನೀವು ಕೇಳಿದ್ರಿ ಅಂತ ಏನೋ ಒಂದು ಹೇಳ್ತಾರೆ. ಬೆಳಗ್ಗೆ ಎದ್ದು ಮೊದಲು ಏನು ಮಾಡ್ತೀರ ಅಂತ ಕೇಳಿ. ಅಜ್ಜಿ ಇದ್ದಾಗ ನಾನು ಬರ್ಕೊಳ್ಳಲಿಲ್ಲ, ಆ ಸೊಪ್ಪುಗಳಲ್ಲಿ ಅರ್ಧದ ಹೆಸರು ಈಗ ನಂಗೇ ನೆನಪಿಲ್ಲ.

ಅಮ್ಮಂಗೆ ಈಗ 70. ನಮ್ಮ ಅಪಾರ್ಟ್‌ಮೆಂಟ್ ಹಿಂದೆ ಜನರೇಟರ್ ರೂಮ್ ಪಕ್ಕ ಇಪ್ಪತ್ತಡಿ ಹತ್ತಡಿ ಜಾಗ ಖಾಲಿ ಬಿದ್ದಿದೆ, ಬಿಸಿಲೂ ಚೆನ್ನಾಗಿ ಬೀಳುತ್ತೆ. ಅಲ್ಲಿ ಟೈಲ್ಸ್ ಹಾಕಿ ಇನ್ನೆರಡು ಕಾರ್ ನಿಲ್ಸೋಣ ಅಂತ ಮಾತು ಬಂದಿತ್ತು, ಬೇಡ, ಅದನ್ನ ಇಲ್ಲಿರೋ ಹಿರಿಯರಿಗೆ ಸೊಪ್ಪು ಬೆಳೆಯೋಕೆ ಬಿಟ್ಕೊಡಿ ಅಂತ ನಾನು ಒಂದು ಅರ್ಜಿ ಬರೆದು ಹದಿನಾಲ್ಕು ಮನೆಯೋರ ಸಹಿ ಹಾಕಿಸಿದ್ದೀನಿ. ಬರೋ ಭಾನುವಾರ ಮೀಟಿಂಗ್ ಇದೆ. ದೊಡ್ಡಮ್ಮ ಊರಿಂದ ಹೊನಗೊನೆ ಕಡ್ಡಿ ಕಳಿಸಿದ್ದಾರೆ, ಅಮ್ಮ ಅದನ್ನ ಬಕೆಟ್ ನೀರಲ್ಲಿ ಇಟ್ಕೊಂಡು ಕಾಯ್ತಿದ್ದಾರೆ.

ಇಂತಿ ನಮಸ್ಕಾರಗಳು,
ತಿಪಟೂರು ಕಡೆಯ ಒಬ್ಬ ಓದುಗ, ಬೆಂಗಳೂರು